ಎಲ್ಲಿಯ ತನಕ ಎಂದು ಕೇಳಿದ ಮೇಲೆ ಬರುವ ಸಂತೋಷ

ನಮ್ಮ ಕ್ರೈಸ್ತ ಸಭೆಯವರ ಮನೆಗಳಿಗೆ ಹೋಗಿ, ಎಲ್ಲರ ಜೊತೆ ಕೂತು ಬೈಬಲ್ ವಾಕ್ಯ ಓದಿ ಪ್ರಾರ್ಥಿಸುವುದು ನನ್ನ ಸೇವೆ. ಅಲ್ಲಿ ಜಾಸ್ತಿ ಕೇಳುವ ಮಾತು ಒಂದೇ. "ಅಕ್ಕಾ, ನಂಬಿಕೆ ಇದೆ, ಪ್ರಾರ್ಥನೆನೂ ತಪ್ಪಿಸಲ್ಲ. ಆದ್ರೆ ಮನೆಯಲ್ಲಿ ಸಂತೋಷ ಅನ್ನೋದೇ ಇಲ್ಲ."

ಹೀಗೆ ಹೇಳಿದವರ ಮನೆಯಲ್ಲಿ ನಾನು ಮೊದಲು ತೆರೆಯುವುದು ಬೈಬಲಿನ 13ನೇ ಕೀರ್ತನೆ. ಇರುವುದು ಆರೇ ವಚನ. ಶುರುವಿನಲ್ಲೇ "ಎಲ್ಲಿಯ ತನಕ" ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ನನ್ನನ್ನು ಮರೆತೇಬಿಟ್ಟೆಯಾ ಎಂದು ದೇವರನ್ನೇ ಕೇಳಿದವನು ಕೊನೆಗೆ ಹಾಡುತ್ತಾನೆ. ನಡುವೆ ಅವನ ಕಷ್ಟ ತೀರಿತು ಎಂದು ಎಲ್ಲೂ ಬರೆದಿಲ್ಲ. ನಿನ್ನ ಕೃಪೆಯನ್ನು ನಂಬಿದ್ದೇನೆ ಅನ್ನುತ್ತಾನೆ, ಅಷ್ಟೇ.

ಒಂದು ಮನೆಯಲ್ಲಿ ಅಪ್ಪನ ಕೆಲಸ ಹೋಗಿತ್ತು. ಮಕ್ಕಳಿಗೆ ಹೇಳಿರಲಿಲ್ಲ. ಸಂಜೆ ಪ್ರಾರ್ಥನೆಯಲ್ಲಿ ಮಾತ್ರ ಎಂದಿನಂತೆ ಸ್ತೋತ್ರ, ಸ್ತೋತ್ರ. ನಾನು ಈ ಕೀರ್ತನೆ ಓದಿಸಿ, "ನಿಮ್ಮ ನಿಮ್ಮ 'ಎಲ್ಲಿಯ ತನಕ' ಏನಿದೆ, ದೇವರಿಗೆ ಹೇಳಿ" ಅಂದೆ. ಅಪ್ಪ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಕರ್ತನೇ, ಎಲ್ಲಿಯ ತನಕ ಕೆಲಸ ಇಲ್ಲದೆ ಇರಲಿ?" ಅಂದರು. ಚಿಕ್ಕ ಮಗಳು ಎದ್ದು ಬಂದು ಅವರ ಪಕ್ಕ ಕೂತಳು. "ನಂಗೆ ಗೊತ್ತಿತ್ತು ಅಪ್ಪಾ. ನಾನೂ ಅದಕ್ಕೇ ಪ್ರಾರ್ಥನೆ ಮಾಡ್ತಿದ್ದೆ." ಆ ದಿನ ಅವರು ಹಾಡಿದ ಹಾಡು ಹಳೆಯದೇ. ಹಾಡಿದ ರೀತಿ ಬೇರೆ ಇತ್ತು.

ಮಕ್ಕಳ ಮುಂದೆ ನಗುಮುಖ ಹಾಕಿಕೊಂಡರೆ ಅದೇ ಸಾಕ್ಷಿ ಎಂದು ತುಂಬಾ ಜನ ತಿಳಿದಿದ್ದಾರೆ. ನಾನು ಒಪ್ಪುವುದಿಲ್ಲ. ಅಪ್ಪ ಅಮ್ಮ ದುಃಖವನ್ನು ಎಲ್ಲಿಗೆ ತೆಗೆದುಕೊಂಡು ಹೋಗುತ್ತಾರೆ ಎಂದು ಮಕ್ಕಳು ನೋಡುತ್ತಿರುತ್ತಾರೆ. ದೇವರ ಹತ್ತಿರ ತೆಗೆದುಕೊಂಡು ಹೋಗಿ, ಹಗುರಾಗಿ ಎದ್ದು ಬಂದದ್ದನ್ನು ಕಂಡ ಮಗುವಿಗೆ ಬೇರೆ ಪಾಠ ಬೇಕಿಲ್ಲ.

ಅಪೊಸ್ತಲ ಪೌಲ ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದ ಪತ್ರವನ್ನೂ ಹೀಗೇ ಓದಿಸುತ್ತೇನೆ. ಯಾವಾಗಲೂ ಸಂತೋಷಿಸಿರಿ ಎಂದ ಪೌಲ ಅದನ್ನು ಬರೆದದ್ದು ಸೆರೆಯಲ್ಲಿದ್ದುಕೊಂಡು. ಅದೇ ಫಿಲಿಪ್ಪಿಯಲ್ಲಿ ಹಿಂದೊಮ್ಮೆ ಅವನೂ ಅವನ ಜೊತೆಗಾರ ಸೀಲನೂ ಏಟು ತಿಂದು, ಕಾಲಿಗೆ ಕೋಳ ಬಿದ್ದು, ಮಧ್ಯರಾತ್ರಿ ಹಾಡಿದ್ದರು. ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ. ಅಲ್ಲಿ ನನಗೆ ತುಂಬಾ ಇಷ್ಟವಾದವನು ಸೆರೆಮನೆಯ ಯಜಮಾನ. ಅದೇ ರಾತ್ರಿ ಅವರ ಗಾಯ ತೊಳೆದ, ಮನೆಯವರೊಂದಿಗೆ ದೀಕ್ಷಾಸ್ನಾನ ಮಾಡಿಸಿಕೊಂಡ, ಅವರಿಗೆ ಊಟ ಬಡಿಸಿದ. ಮನೆಮಂದಿಯೆಲ್ಲಾ ಸಂತೋಷಪಟ್ಟರು. ಆ ಮನೆಯ ಮಕ್ಕಳು ಅಪ್ಪನ ಕೈಯಲ್ಲಿ ನೀರು, ಬಟ್ಟೆ ನೋಡಿರಬೇಕು ಅಲ್ವಾ?

ಕುಟುಂಬ ಪ್ರಾರ್ಥನೆ ಚಿಕ್ಕದಾಗಿರಲಿ ಅನ್ನುತ್ತೇನೆ. ಮಗು ತೂಕಡಿಸುವಷ್ಟು ಉದ್ದ ಬೇಡ. ಹಿಂದಿನ ವಾರ ಬೇಡಿಕೊಂಡದ್ದು ಏನಾಯಿತು ಎಂದು ತಪ್ಪದೆ ಮಾತಾಡಿ. ಸಿಕ್ಕಿದ್ದಕ್ಕೆ ಹೆಸರು ಹಿಡಿದು ಸ್ತೋತ್ರ ಹೇಳಿ, ಸಿಗದಿದ್ದರೆ ಸಿಕ್ಕಿಲ್ಲ ಎಂದೇ ಹೇಳಿ. ಮಕ್ಕಳ ಮೇಲೆ ಸುಮ್ನೆ ರೇಗಿದ್ದರೆ ಅವರ ಹತ್ತಿರವೇ ಕ್ಷಮೆ ಕೇಳಿ. ಕೆಲವು ಅಪ್ಪಂದಿರಿಗೆ ಇದು ತುಂಬಾ ಕಷ್ಟ. ಆದರೆ ಲೂಕ 15ರಲ್ಲಿ ತಪ್ಪಿಹೋದ ಕುರಿ, ಕಳೆದ ನಾಣ್ಯ, ಮನೆ ಬಿಟ್ಟ ಮಗ ಸಿಕ್ಕಾಗೆಲ್ಲ ಸಂಭ್ರಮವೇ. ಕ್ಷಮೆ ಕೇಳುವ, ಕ್ಷಮಿಸುವ ಮನೆಯ ಮಕ್ಕಳಿಗೆ ಆ ಸಂಭ್ರಮ ಕಥೆಯಾಗಿ ಉಳಿಯುವುದಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಖಿನ್ನತೆಯಿಂದ ನರಳುತ್ತಿರುವವರಿಗೆ "ಸಂತೋಷವಾಗಿರು, ನಂಬಿಕೆ ಸಾಲದು" ಎನ್ನಬೇಡಿ. ಅವರ ಜೊತೆ ಕೂರಿ, ವೈದ್ಯರ ಬಳಿ ಕರೆದುಕೊಂಡು ಹೋಗಿ. ಹಾಡಲಾಗದವರ ಪರವಾಗಿ ಮನೆಯವರು ಹಾಡಲಿ.

ನೆಹೆಮೀಯ 8ರಲ್ಲಿ ಧರ್ಮಶಾಸ್ತ್ರ ಕೇಳಿ ಅಳುತ್ತಿದ್ದ ಜನರಿಗೆ, ಯೆಹೋವನ ಆನಂದವೇ ನಿಮ್ಮ ಬಲ ಎಂಬ ಮಾತು ಬಂತು. ಅದೇ ಉಸಿರಿನಲ್ಲಿ, ಉಣ್ಣಿರಿ, ಏನೂ ಇಲ್ಲದವರಿಗೆ ಪಾಲು ಕಳುಹಿಸಿರಿ ಎಂದೂ ಬಂತು. ಈ ಎರಡನೆಯ ಮಾತನ್ನು ನಾವು ಬಿಟ್ಟೇಬಿಡುತ್ತೇವೆ. ಅದಕ್ಕೇ ಪ್ರಾರ್ಥನೆ ಮುಗಿದ ಮೇಲೆ ನಾನು ಮಕ್ಕಳನ್ನು ಕೇಳುತ್ತೇನೆ, ಈ ವಾರ ನಮ್ಮ ಪಾಲು ಯಾರಿಗೆ? ದೊಡ್ಡವರ ಕಣ್ಣಿಗೆ ಬೀಳದವರನ್ನು ಅವರು ಹೇಳುತ್ತಾರೆ. ಯಾರೂ ಆಟಕ್ಕೆ ಕರೆಯದ ಹುಡುಗ, ಆರಾಧನೆಗೆ ಒಬ್ಬರೇ ಬರುವ ಅಜ್ಜಿ. ಕೊಡಲು ಹೋಗುವಾಗ ಅಪ್ಪ ಅಮ್ಮನೂ ಜೊತೆಗೆ ಹೋಗಲಿ, ಅಲ್ಲಿ ಸ್ವಲ್ಪ ಹೊತ್ತು ಕೂತು ಮಾತಾಡಿ ಬರಲಿ.