ಕಣ್ತಪ್ಪಿದ ಒಳ್ಳೆಯ ಸಿನಿಮಾಗಳನ್ನು ಹುಡುಕುವುದು ಹೇಗೆ?

‘ಕಾಡು ಕುದುರೆ ಓಡಿ ಬಂದಿತ್ತಾ’ ಹಾಡು ಕೇಳದ ಕನ್ನಡಿಗರು ಕಡಿಮೆ. ಅದನ್ನು ಹಾಡಿದ್ದಕ್ಕೆ ಶಿವಮೊಗ್ಗ ಸುಬ್ಬಣ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿದ್ದೂ ಬಹಳ ಜನಕ್ಕೆ ಗೊತ್ತು. ಆದರೆ ಆ ಹಾಡಿರುವ ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಸಿನಿಮಾವನ್ನು ನೋಡಿದವರು ಎಷ್ಟು ಜನ? ‘ನಮ್ಮೂರ ಮಂದಾರ ಹೂವೆ’ ಕಥೆಯೂ ಅಷ್ಟೇ. ಮದುವೆ ಮನೆಯಿಂದ ಹಿಡಿದು ಟಿವಿ ಸ್ಪರ್ಧೆಯವರೆಗೆ ಎಲ್ಲ ಕಡೆ ಹಾಡುತ್ತಾರೆ. ಅದು 1981ರ ‘ಆಲೆಮನೆ’ ಚಿತ್ರದ್ದು ಅಂದರೆ, ಹೌದಾ ಅನ್ನುತ್ತಾರೆ.

ನಮ್ಮ ಸಿನಿಮಾಗಳು ಹೀಗೆ ಕಣ್ತಪ್ಪುವುದಕ್ಕೆ ಅವು ಚೆನ್ನಾಗಿಲ್ಲ ಅನ್ನುವುದು ಕಾರಣವಲ್ಲ. ಎಷ್ಟೋ ಚಿತ್ರಗಳು ಒಂದೆರಡು ಥಿಯೇಟರ್‌ನಲ್ಲಿ ಒಂದೆರಡು ವಾರ ಓಡಿ ಡಬ್ಬಕ್ಕೆ ಸೇರಿದವು. ಕೆಲವಕ್ಕೆ ಪ್ರಿಂಟೇ ಉಳಿಯಲಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ಇವತ್ತು ನೋಡಲು ಸಿಗುವುದಿಲ್ಲ. ಹಕ್ಕು ಯಾರದ್ದು ಎಂಬ ಜಗಳದಲ್ಲಿ ಸಿಕ್ಕಿಬಿದ್ದವೂ ಇವೆ. ಆದರೂ ಸಿಗುವುದು ಇನ್ನೂ ಬಹಳಷ್ಟಿದೆ. ಹುಡುಕುವ ದಾರಿ ಗೊತ್ತಿದ್ದರೆ ಸಾಕು.

ಹೆಜ್ಜೆ 1: ಹೀರೊ ಬಿಡಿ, ಬೇರೆ ಹೆಸರು ಹಿಡಿಯಿರಿ

‘ನೋಡಲೇಬೇಕಾದ 50 ಚಿತ್ರಗಳು’ ಥರದ ಪಟ್ಟಿಗಳಿಂದ ಜಾಸ್ತಿ ಪ್ರಯೋಜನವಿಲ್ಲ. ಎಲ್ಲ ಪಟ್ಟಿಗಳಲ್ಲೂ ಅವೇ ಹೆಸರು ತಿರುಗಾಡುತ್ತಿರುತ್ತವೆ. ಹೀರೊ ಹೆಸರಿನಲ್ಲಿ ಹುಡುಕಿದರೂ ಗೊತ್ತಿರುವ ಹಿಟ್ ಚಿತ್ರಗಳೇ ಮೊದಲು ಬರುತ್ತವೆ. ನಿಮಗೆ ತುಂಬ ಇಷ್ಟವಾದ ಒಂದು ಚಿತ್ರ ಅಥವಾ ಸೀರಿಯಲ್ ತೆಗೆದುಕೊಳ್ಳಿ. ಅದರ ಟೈಟಲ್ ಕಾರ್ಡ್ ಓಡಿಸದೆ ಪೂರ್ತಿ ನೋಡಿ. ಕ್ಯಾಮೆರಾ, ಕಥೆ, ಸಂಕಲನ, ಸಹಾಯಕ ನಿರ್ದೇಶನ, ಈ ಹೆಸರುಗಳನ್ನು ಬರೆದಿಟ್ಟುಕೊಳ್ಳಿ.

‘ಮಾಲ್ಗುಡಿ ಡೇಸ್’ ಯಾರಿಗೆ ಇಷ್ಟವಿಲ್ಲ ಹೇಳಿ? ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ಆ ಸೀರಿಯಲ್‌ನ ಕ್ಯಾಮೆರಾಮನ್ ಎಸ್. ರಾಮಚಂದ್ರ. ಈ ಒಂದು ಹೆಸರು ಹಿಡಿದು ಹೊರಟರೆ ಬಿ.ವಿ. ಕಾರಂತರ ‘ಚೋಮನ ದುಡಿ’ (1975) ಸಿಗುತ್ತದೆ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಸಿಗುತ್ತದೆ. ಮೂರು ದಶಕ ದಾಟಿ, ಕುಂದಾಪುರದ ಕಡೆಯ ಮೀನುಗಾರರ ನಡುವೆ ನಡೆಯುವ ‘ಗುಲಾಬಿ ಟಾಕೀಸ್’ (2008) ಸಿಗುತ್ತದೆ. ನಿರ್ದೇಶಕರು ಬೇರೆ, ಕಾಲ ಬೇರೆ. ಆದರೆ ಮನೆಯೊಳಗಿನ ಮಬ್ಬು ಬೆಳಕನ್ನು ಆ ಕ್ಯಾಮೆರಾ ನೋಡುವ ರೀತಿ ನಿಮಗೆ ಗುರುತು ಸಿಗತೊಡಗುತ್ತದೆ.

ಕಥೆಗಾರರ ಹೆಸರು ಹಿಡಿದರೆ ಇನ್ನೂ ಸುಲಭ. ಓದುವ ಅಭ್ಯಾಸ ಇರುವವರಿಗಂತೂ ಇದೇ ಒಳ್ಳೆಯ ದಾರಿ. ಪೂರ್ಣಚಂದ್ರ ತೇಜಸ್ವಿ ಅವರನ್ನೇ ನೋಡಿ. ಅವರ ಕಥೆಗಳಿಂದ ಬಂದ ಚಿತ್ರಗಳು ಒಂದಕ್ಕೊಂದು ಹೋಲುವುದೇ ಇಲ್ಲ.

ಮೊದಲನೆಯದು ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ ‘ಅಬಚೂರಿನ ಪೋಸ್ಟಾಫೀಸು’ (1973). ಮಲೆನಾಡಿನ ಒಂದು ಪುಟ್ಟ ಊರು, ಅಲ್ಲೊಂದು ಪೋಸ್ಟಾಫೀಸು. ಅದನ್ನು ನೋಡಿಕೊಳ್ಳುವ ಬೋಬಣ್ಣನಿಗೆ ಬೇರೆಯವರ ಕಾಗದ ಓದುವ ಚಪಲ. ಇಷ್ಟು ಸಣ್ಣ ವಿಷಯ ಒಂದು ಸಂಸಾರವನ್ನೇ ಹೇಗೆ ಅಲ್ಲಾಡಿಸುತ್ತದೆ ಎನ್ನುವುದು ಕಥೆ. ಇದನ್ನು ನೋಡಿದವರು ಲಕ್ಷ್ಮೀನಾರಾಯಣ್ ಅವರ ‘ನಾಂದಿ’ಯನ್ನೂ (1964) ಬಿಡಬಾರದು. ಕಿವಿ ಕೇಳದ, ಮಾತು ಬಾರದ ಹೆಂಡತಿಯ ಜೊತೆ ಬದುಕು ಕಟ್ಟುವ ಮೇಷ್ಟ್ರಾಗಿ ರಾಜ್‌ಕುಮಾರ್ ಮಾಡಿರುವ ಅಭಿನಯ ಅಷ್ಟು ಮೆದುವಾಗಿದೆ. ರಾಜ್ ಅಭಿಮಾನಿಗಳಲ್ಲೂ ಅದನ್ನು ನೋಡದವರು ಬಹಳ.

ಅಲ್ಲಿಂದ ‘ತಬರನ ಕಥೆ’ಗೆ ಬನ್ನಿ. ಕಾಸರವಳ್ಳಿಯವರ ಈ ಚಿತ್ರ 1986ರ ಸಾಲಿನ ಸ್ವರ್ಣಕಮಲ, ಅಂದರೆ ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಪಡೆಯಿತು. ಪೆನ್ಷನ್‌ಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರನಾಗಿ ಚಾರುಹಾಸನ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಮುಂದೆ ಸದಾನಂದ ಸುವರ್ಣ ಅವರ ‘ಕುಬಿ ಮತ್ತು ಇಯಾಲ’, ಅಲ್ಲೂ ಚಾರುಹಾಸನ್ ಇದ್ದಾರೆ. ಆಮೇಲೆ ಸುಮನಾ ಕಿತ್ತೂರು ಅವರ ‘ಕಿರಗೂರಿನ ಗಯ್ಯಾಳಿಗಳು’ (2016). ಕೊನೆಗೆ ತೇಜಸ್ವಿ ಓದುಗರೇ ಕೈಯಿಂದ ಹಣ ಹಾಕಿ ಮಾಡಿದ ಕಾಲೇಜು ಕಥೆ ‘ಡೇರ್‌ಡೆವಿಲ್ ಮುಸ್ತಾಫಾ’ (2023). ಒಬ್ಬ ಲೇಖಕರ ಬೆನ್ನು ಹತ್ತಿದರೆ ದುಃಖದ ಕಥೆಯಿಂದ ನಗೆಯ ಚಿತ್ರದವರೆಗೆ ಐದು ಬೇರೆ ಬೇರೆ ಲೋಕ!

ಹೆಜ್ಜೆ 2: ಪ್ರಶಸ್ತಿ ಪಟ್ಟಿಯನ್ನು ಹಿಂದಿನಿಂದ ಓದಿ

ಸ್ವರ್ಣಕಮಲ ಪಡೆದ ‘ಸಂಸ್ಕಾರ’, ‘ಚೋಮನ ದುಡಿ’ ಎಲ್ಲರಿಗೂ ಗೊತ್ತು. ನೀವು ನೋಡಬೇಕಾದ್ದು ‘ಕನ್ನಡದ ಅತ್ಯುತ್ತಮ ಚಿತ್ರ’ ಎಂದು ಪ್ರತಿವರ್ಷ ಕೊಡುವ ರಾಷ್ಟ್ರಪ್ರಶಸ್ತಿಯ ಪಟ್ಟಿ. ‘ಬೇಡರ ಕಣ್ಣಪ್ಪ’ (1954) ಕಾಲದಿಂದಲೂ ಕನ್ನಡ ಚಿತ್ರಗಳಿಗೆ ಈ ಗೌರವ ಸಿಗುತ್ತಾ ಬಂದಿದೆ. ಅದರಲ್ಲಿ ಸುರೇಶ್ ಹೆಬ್ಳೀಕರ್ ಅವರ ‘ಕಾಡಿನ ಬೆಂಕಿ’ (1988) ಥರದ ಚಿತ್ರಗಳಿವೆ. ಮನಸ್ಸಿನ ಒಳಗಿನ ಗಂಟುಗಳ ಬಗ್ಗೆ ಅಷ್ಟು ನೇರವಾಗಿ ಮಾತಾಡಿದ ಕನ್ನಡ ಚಿತ್ರ ಆ ಕಾಲದಲ್ಲಿ ಅಪರೂಪ.

ರಾಜ್ಯ ಪ್ರಶಸ್ತಿಯ ಪಟ್ಟಿ ಇನ್ನೂ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಮೊದಲ, ಎರಡನೇ, ಮೂರನೇ ಅತ್ಯುತ್ತಮ ಚಿತ್ರ ಅಂತ ಮೂರು ಇರುತ್ತವೆ. ಮೊದಲನೆಯದು ಸುದ್ದಿಯಾಗುತ್ತದೆ. ಎರಡು, ಮೂರನೆಯದನ್ನು ಜನ ಮರೆಯುತ್ತಾರೆ. ಅವೆರಡನ್ನು ಮಾತ್ರ ಬರೆದುಕೊಳ್ಳಿ.

ಆಶಿಶ್ ರಾಜಾಧ್ಯಕ್ಷ ಮತ್ತು ಪಾಲ್ ವಿಲ್ಲೆಮನ್ ಸೇರಿ ರೂಪಿಸಿದ ಭಾರತೀಯ ಸಿನಿಮಾದ ವಿಶ್ವಕೋಶ (1994) ಎಂಬ ದಪ್ಪ ಪುಸ್ತಕ ದೊಡ್ಡ ಲೈಬ್ರರಿಗಳಲ್ಲಿ ಇದ್ದರೆ ಕೇಳಿ ನೋಡಿ. ವರ್ಷದ ಪ್ರಕಾರ ಚಿತ್ರಗಳ ವಿವರ ಇದೆ. ಸುಮ್ನೆ ಒಂದು ವರ್ಷ ತೆಗೆದು ಕನ್ನಡದ ಹೆಸರುಗಳ ಮೇಲೆ ಕಣ್ಣಾಡಿಸಿದರೂ ನಾಲ್ಕು ಹೊಸ ಹೆಸರು ಸಿಗುತ್ತವೆ.

ಹೆಜ್ಜೆ 3: ಒಂದು ಬಗೆಯ ಚಿತ್ರವನ್ನು ಬೇರಿನವರೆಗೆ ನೋಡಿ

ಪ್ರಶಸ್ತಿ ಪಟ್ಟಿಗಳಿಗೆ ಒಂದು ಮಿತಿ ಇದೆ. ಥ್ರಿಲ್ಲರ್, ಹಾರರ್, ಪತ್ತೇದಾರಿ, ಕಾಮಿಡಿ ಅಲ್ಲಿ ಕಾಣಿಸುವುದು ಕಡಿಮೆ. ಜನ ತಲೆ ಮೇಲೆ ಹೊತ್ತು ಮೆರೆಸುವ ಕಲ್ಟ್ ಚಿತ್ರಗಳು ಹುಟ್ಟುವುದು ಹೆಚ್ಚಾಗಿ ಇಲ್ಲೇ. ಆದ್ದರಿಂದ ನಿಮಗೆ ಹಿಡಿಸುವ ಒಂದು ಬಗೆ ಆರಿಸಿಕೊಂಡು ಹಿಂದಕ್ಕೆ ಹೋಗಿ.

ಸಸ್ಪೆನ್ಸ್ ಇಷ್ಟ ಅಂದುಕೊಳ್ಳಿ. ಉಪೇಂದ್ರ ಅವರ ‘ಶ್!’ (1993) ಬಹಳ ಜನ ನೋಡಿರುತ್ತಾರೆ. ಉಪೇಂದ್ರ ಕೆಲಸ ಕಲಿತಿದ್ದು ಕಾಶಿನಾಥ್ ಅವರ ಗರಡಿಯಲ್ಲಿ. ಹಾಗಾದರೆ ಕಾಶಿನಾಥ್ ಅದಕ್ಕೂ ಹಿಂದೆ ಏನು ಮಾಡಿದ್ದರು? ‘ಅಪರಿಚಿತ’ (1978), ಅದೊಂದು ಸಸ್ಪೆನ್ಸ್ ಚಿತ್ರ! ಅದನ್ನು ಅವರೇ ಮುಂದೆ ಹಿಂದಿಯಲ್ಲೂ ಮಾಡಿದರು. ಡಬಲ್ ಮೀನಿಂಗ್ ಕಾಮಿಡಿಯ ಕಾಶಿನಾಥ್ ಮಾತ್ರ ಗೊತ್ತಿರುವವರು ಇದನ್ನು ನೋಡಲೇಬೇಕು.

ಇದೇ ದಾರಿಯಲ್ಲಿ ಶಂಕರ್ ನಾಗ್ ನಿರ್ದೇಶನದ ‘ಆಕ್ಸಿಡೆಂಟ್’ (1985) ಇದೆ. ನಶೆಯಲ್ಲಿ ಕಾರು ಓಡಿಸುವ ಶ್ರೀಮಂತರ ಹುಡುಗರು, ಫುಟ್‌ಪಾತ್ ಮೇಲೆ ಮಲಗಿದ್ದವರ ಸಾವು, ಪ್ರಕರಣ ಮುಚ್ಚಿಹಾಕಲು ಹೊರಟ ರಾಜಕಾರಣಿ ಅಪ್ಪ, ಬೆನ್ನು ಹತ್ತುವ ಪತ್ರಕರ್ತ. ಹಾಡಿಲ್ಲ. ಇಳಯರಾಜ ಅವರ ಹಿನ್ನೆಲೆ ಸಂಗೀತ ಮಾತ್ರ. ಇವತ್ತಿನ ಪೇಪರ್ ಓದಿದ ಹಾಗೇ ಅನಿಸುತ್ತದೆ. ಶಂಕರ್ ನಾಗ್ ಅವರ ಮೊದಲ ನಿರ್ದೇಶನದ ಚಿತ್ರ ‘ಮಿಂಚಿನ ಓಟ’ (1980) ಕಾರು ಕಳ್ಳರ ಕಥೆ. ಇನ್ನು ಅವರು ನಟಿಸಿದ ‘ತರ್ಕ’ (1989) ಹಿಡಿದರೆ ಸುನೀಲ್ ಕುಮಾರ್ ದೇಸಾಯಿ ಎಂಬ ಇನ್ನೊಂದು ದೊಡ್ಡ ಬಾಗಿಲು ತೆರೆಯುತ್ತದೆ. ‘ಉತ್ಕರ್ಷ’, ‘ನಿಷ್ಕರ್ಷ’ ಥ್ರಿಲ್ಲರ್‌ಗಳನ್ನು ಮಾಡಿದ ಅದೇ ದೇಸಾಯಿ ‘ಬೆಳದಿಂಗಳ ಬಾಲೆ’ಯನ್ನೂ (1995) ಮಾಡಿದರು.

‘ಬೆಳದಿಂಗಳ ಬಾಲೆ’ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಯಂಡಮೂರಿ ವೀರೇಂದ್ರನಾಥ್ ಅವರ ತೆಲುಗು ಕಾದಂಬರಿ ಆಧರಿಸಿದ ಚಿತ್ರ. ಚೆಸ್ ಗ್ರ್ಯಾಂಡ್‌ಮಾಸ್ಟರ್ ರೇವಂತ್ ಆಗಿ ಅನಂತ್ ನಾಗ್. ಒಬ್ಬಳು ಫೋನ್ ಮಾಡುತ್ತಾಳೆ. ನನ್ನನ್ನು ಹುಡುಕು ಎನ್ನುತ್ತಾಳೆ. ಒಗಟಿನಂಥ ಸುಳಿವು ಕೊಡುತ್ತಾಳೆ. ನಾಯಕಿಯ ಮುಖ ನಮಗೆ ಕಾಣಿಸುವುದೇ ಇಲ್ಲ. ಬರೀ ದನಿ. ಪರದೆ ಮೇಲೆ ಬಹುಪಾಲು ಅನಂತ್ ನಾಗ್ ಒಬ್ಬರೇ, ಕಿವಿಗೆ ಒತ್ತಿಕೊಂಡ ರಿಸೀವರ್, ಆ ದನಿಗೆ ಬದಲಾಗುವ ಅವರ ಮುಖ. ಇಷ್ಟರಲ್ಲೇ ಪ್ರೀತಿಯೂ ಹುಟ್ಟುತ್ತದೆ, ಸಸ್ಪೆನ್ಸೂ ಹುಟ್ಟುತ್ತದೆ. ಪ್ರೇಮಕಥೆಯನ್ನು ಪತ್ತೇದಾರಿಯಂತೆ ಹೇಳಿದ ಇಂಥ ಚಿತ್ರ ಭಾರತದ ಯಾವ ಭಾಷೆಯಲ್ಲಿ ಬಂದಿದ್ದರೂ ಅದು ಹೆಮ್ಮೆಯ ವಿಷಯ. ನಮ್ಮಲ್ಲಿ ಬಂದಿದೆ. ನೋಡಿಲ್ಲದಿದ್ದರೆ ಈ ವಾರವೇ ನೋಡಿ.

ಉಳಿದ ಬಗೆಗಳಿಗೆ ಒಂದೊಂದು ಸುಳಿವು ಸಾಕು. ಗೂಢಚಾರ ಕಥೆಗೆ ದೊರೆ-ಭಗವಾನ್ ಅವರ ‘ಜೇಡರ ಬಲೆ’ (1968). ರಾಜ್‌ಕುಮಾರ್ ಅಲ್ಲಿ ಸಿಐಡಿ 999. ದೆವ್ವದ ಚಿತ್ರಕ್ಕೆ ಅನಂತ್ ನಾಗ್, ಲಕ್ಷ್ಮಿ ಅಭಿನಯದ ‘ನಾ ನಿನ್ನ ಬಿಡಲಾರೆ’ (1979). ಕತ್ತಿ ಕಾಳಗಕ್ಕೆ ಗಿರೀಶ್ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978), ಅದು ಶಂಕರ್ ನಾಗ್ ಅವರ ಮೊದಲ ಚಿತ್ರ. ಹೆಣ್ಣಿನ ಒಳಮನಸ್ಸಿನ ಕಥೆಗೆ ಪಿ. ಲಂಕೇಶರ ‘ಪಲ್ಲವಿ’ (1976) ಮತ್ತು ಪ್ರೇಮಾ ಕಾರಂತರ ‘ಫಣಿಯಮ್ಮ’ (1983).

ಹೊಸ ಕಾಲದ್ದೂ ಇದೆ. ರಕ್ಷಿತ್ ಶೆಟ್ಟಿ ಅವರ ‘ಉಳಿದವರು ಕಂಡಂತೆ’ (2014) ಬಿಡುಗಡೆಯಾದಾಗ ಬಹಳ ಜನ ಕೈಬಿಟ್ಟರು. ಆಮೇಲೆ ಮೊಬೈಲ್‌ನಲ್ಲಿ, ಲ್ಯಾಪ್‌ಟಾಪ್‌ನಲ್ಲಿ ಮತ್ತೆ ಮತ್ತೆ ನೋಡಿ, ಡೈಲಾಗ್ ಬಾಯಿಪಾಠ ಮಾಡಿ, ಅದನ್ನು ಕಲ್ಟ್ ಮಾಡಿದವರು ಪ್ರೇಕ್ಷಕರೇ. ರೂಪಾ ರಾವ್ ಅವರ ‘ಗಂಟುಮೂಟೆ’ (2019), ನಟೇಶ್ ಹೆಗಡೆ ಅವರ ‘ಪೆದ್ರೊ’ (2021) ಚಿತ್ರಗಳಿಗೂ ಅಷ್ಟು ಜನ ಸಿಗಬೇಕು.

ಹೆಜ್ಜೆ 4: ಸಿಕ್ಕ ಕಾಪಿ ಪೂರ್ತಿ ಇದೆಯೇ ನೋಡಿಕೊಳ್ಳಿ

ಹಿಂದೆ ಕ್ಯಾಸೆಟ್, ವಿಸಿಡಿ ಮಾರುತ್ತಿದ್ದ ಕಂಪನಿಗಳು ಈಗ ಯೂಟ್ಯೂಬ್‌ನಲ್ಲಿ ಹಳೇ ಚಿತ್ರಗಳನ್ನು ಹಾಕಿವೆ. ಮೊದಲು ಅಲ್ಲಿ ಹುಡುಕಿ. ಹೆಸರನ್ನು ಕನ್ನಡದಲ್ಲೂ ಟೈಪ್ ಮಾಡಿ, ಇಂಗ್ಲಿಷ್ ಅಕ್ಷರದಲ್ಲೂ ಎರಡು ಮೂರು ಥರ ಬರೆದು ನೋಡಿ. ಸಿಗದಿದ್ದರೆ ನಟರ ಹೆಸರಿನ ಜೊತೆ ವರ್ಷ ಸೇರಿಸಿ.

ಈ ಕಾಪಿಗಳಲ್ಲಿ ಕತ್ತರಿ ಬಿದ್ದಿರುವುದು ಸಾಮಾನ್ಯ. ಅದನ್ನು ಕಂಡುಹಿಡಿಯಲು ಒಂದು ಸುಲಭದ ಲೆಕ್ಕ ಇದೆ. ಚಿತ್ರದ ಶುರುವಿನಲ್ಲಿ ಸೆನ್ಸಾರ್ ಸರ್ಟಿಫಿಕೇಟ್ ಬರುತ್ತದಲ್ವಾ? ಅಲ್ಲಿ ವಿಡಿಯೊ ನಿಲ್ಲಿಸಿ. ಚಿತ್ರದ ಉದ್ದ ಮೀಟರ್‌ನಲ್ಲಿ ಬರೆದಿರುತ್ತದೆ. 35 ಎಂಎಂ ಫಿಲ್ಮ್ ಒಂದು ನಿಮಿಷಕ್ಕೆ ಸುಮಾರು 27.4 ಮೀಟರ್ ಓಡುತ್ತದೆ. ಸರ್ಟಿಫಿಕೇಟ್‌ನಲ್ಲಿ 4,100 ಮೀಟರ್ ಎಂದಿದ್ದರೆ, 27.4ರಿಂದ ಭಾಗಿಸಿ. ಸುಮಾರು 150 ನಿಮಿಷ ಬರಬೇಕು. ನಿಮ್ಮ ವಿಡಿಯೊ 120 ನಿಮಿಷ ಇದ್ದರೆ ಅರ್ಧ ಗಂಟೆಯ ಚಿತ್ರ ಹಾರಿಹೋಗಿದೆ ಎಂದರ್ಥ. ಬೇರೆ ಕಾಪಿ ಹುಡುಕಿ.

144 ನಿಮಿಷ ಇದ್ದರೆ ಗಾಬರಿ ಬೇಡ. ಥಿಯೇಟರ್‌ನಲ್ಲಿ ಫಿಲ್ಮ್ ಸೆಕೆಂಡಿಗೆ 24 ಚೌಕಟ್ಟಿನಂತೆ ಓಡುತ್ತದೆ. ನಮ್ಮ ಟಿವಿ ಮತ್ತು ವಿಸಿಡಿಗಳದ್ದು 25ರ ಲೆಕ್ಕ. ಹಾಗಾಗಿ ಅಲ್ಲಿಂದ ಬಂದ ಕಾಪಿ ನೂರಕ್ಕೆ ನಾಲ್ಕರಷ್ಟು ಬೇಗ ಮುಗಿಯುತ್ತದೆ. ಏನೂ ಕತ್ತರಿಸಿರುವುದಿಲ್ಲ.

ಸ್ಕೋಪ್ (ಅಗಲ ಪರದೆಯ) ಚಿತ್ರವಾದರೆ ಅಂಚುಗಳನ್ನೂ ಗಮನಿಸಿ. ಮಾತಾಡುತ್ತಿರುವವರ ಅರ್ಧ ಮುಖ ಪರದೆಯ ಆಚೆ ಇದ್ದರೆ, ಟೈಟಲ್‌ನ ಅಕ್ಷರಗಳು ಎರಡೂ ಬದಿ ಕತ್ತರಿಸಿಹೋಗಿದ್ದರೆ, ಅದು ಹಳೇ ಟಿವಿ ಅಳತೆಗೆ ಕೊಯ್ದ ಕಾಪಿ. ಬೇರೆ ಇಲ್ಲದಿದ್ದರೆ ಅದನ್ನೇ ನೋಡಿ, ಆದರೆ ಛಾಯಾಗ್ರಹಣದ ಬಗ್ಗೆ ತೀರ್ಮಾನಕ್ಕೆ ಬರಬೇಡಿ.

ಒಳ್ಳೆಯ ಕಾಪಿ ಎಷ್ಟು ವ್ಯತ್ಯಾಸ ಮಾಡುತ್ತದೆ ಎನ್ನುವುದಕ್ಕೆ ‘ಘಟಶ್ರಾದ್ಧ’ವೇ ಸಾಕ್ಷಿ. ಹಳೇ ಚಿತ್ರಗಳನ್ನು ಉಳಿಸುವ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸಂಸ್ಥೆ, ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಅವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಜೊತೆ ಸೇರಿ ಅದನ್ನು ಸರಿಪಡಿಸಿತು. ಹೊಸ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಕಪ್ಪುಬಿಳುಪಿನ ಆ ಚಿತ್ರವನ್ನು ಮಸುಕು ಕಾಪಿಯಲ್ಲಿ ನೋಡಿ ಬಿಟ್ಟವರು, ಹೊಸ ಪ್ರತಿ ನಿಮ್ಮೂರಿಗೆ ಬಂದರೆ ತಪ್ಪಿಸಿಕೊಳ್ಳಬೇಡಿ.

ಹೆಜ್ಜೆ 5: ಜನರ ಜೊತೆ ನೋಡಿ, ಕೇಳಿ ತರಿಸಿಕೊಳ್ಳಿ

ಎಲ್ಲೂ ಸಿಗದ ಚಿತ್ರಗಳು ಫಿಲ್ಮ್ ಸೊಸೈಟಿಗಳಲ್ಲಿ ಸಿಗಬಹುದು. ಬೆಂಗಳೂರಿನ ಬನಶಂಕರಿಯ ಸುಚಿತ್ರಾ 1971ರಿಂದ ಈ ಕೆಲಸ ಮಾಡುತ್ತಿದೆ. ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣ ನೀನಾಸಂ ಮೂಲಕ ಅಡಿಕೆ ಬೆಳೆಗಾರರಿಗೆ, ಕೂಲಿಯವರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿದರು. ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲೂ ಕನ್ನಡ ಚಿತ್ರಗಳಿಗೆ ಬೇರೆ ವಿಭಾಗ ಇರುತ್ತದೆ. ದೊಡ್ಡ ವಿದೇಶಿ ಚಿತ್ರಕ್ಕೆ ಕ್ಯೂ ನಿಲ್ಲುವ ಹೊತ್ತಿನಲ್ಲಿ ಪಕ್ಕದ ಪರದೆಯ ಕನ್ನಡ ಚಿತ್ರಕ್ಕೆ ಹೋಗಿ. ಥಿಯೇಟರ್‌ಗೆ ಆಮೇಲೆ ಬರದ ಚಿತ್ರಗಳು ಅಲ್ಲಿ ಎಷ್ಟೋ ಇರುತ್ತವೆ.

ಸೊಸೈಟಿ ಇಲ್ಲದ ಊರಲ್ಲಿ ಕಾಲೇಜು, ಲೈಬ್ರರಿ, ಕನ್ನಡ ಸಂಘ ಯಾವುದಾದರೂ ಒಂದು ಹಾಲ್ ಕೊಟ್ಟರೆ ಸಾಕು. ಅಮೆರಿಕ, ಗಲ್ಫ್‌ನ ಕನ್ನಡ ಕೂಟಗಳೂ ರಾಜ್ಯೋತ್ಸವಕ್ಕೆ ಹಿಟ್ ಚಿತ್ರದ ಬದಲು ಇಂಥದ್ದೊಂದನ್ನು ಹಾಕಬಹುದು. ನಿರ್ಮಾಪಕರಿಂದ ಮೊದಲೇ ಒಪ್ಪಿಗೆ ಪಡೆಯಿರಿ. ಹಳೇ ಚಿತ್ರ ತೋರಿಸುತ್ತೇವೆ ಎಂದರೆ ಎಷ್ಟೋ ನಿರ್ಮಾಪಕರು, ನಿರ್ದೇಶಕರು ಖುಷಿಯಿಂದ ಒಪ್ಪುತ್ತಾರೆ. ಹತ್ತಿರದಲ್ಲಿದ್ದರೆ ಅವರನ್ನೇ ಕರೆಯಿರಿ. ಚಿತ್ರ ಮುಗಿದ ಮೇಲೆ, ನಿಮ್ಮ ಜೊತೆ ಕೆಲಸ ಮಾಡಿದವರ ಯಾವ ಚಿತ್ರವನ್ನು ನಾವು ನೋಡಬೇಕು ಎಂದು ಕೇಳಿ. ಅವರು ಹೇಳುವ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ.