30-40 ಸೈಟಿನಲ್ಲಿ ಇಂಗುಬಾವಿ ತೋಡಿಸುವುದು ಹೇಗೆ

ಇಂಗುಬಾವಿ ಅಂದರೆ ತಾರಸಿಯ ಮಳೆನೀರನ್ನು ನೆಲಕ್ಕೆ ಇಂಗಿಸುವ ಬಾವಿ. ಮೊದಲು ನಿಮ್ಮ ತಾರಸಿಯ ಲೆಕ್ಕ ಹಾಕಿ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾವಿರ ಚದರಡಿ ತಾರಸಿ ಅಂದರೆ ಸುಮಾರು 93 ಚದರ ಮೀಟರ್. ಬೆಂಗಳೂರಿನಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 970 ಮಿ.ಮೀ. ಮಳೆಯಾಗುತ್ತದೆ, ಅಲ್ಲಿಗೆ ನಿಮ್ಮ ಒಂದು ಮನೆಯ ಮೇಲೆಯೇ 90,000 ಲೀಟರ್ ಬೀಳುತ್ತದೆ, 6,000 ಲೀಟರಿನ ಹದಿನೈದು ಟ್ಯಾಂಕರ್! 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟೂ ನೀರು ಸುಮ್ನೆ ಮೋರಿಗೆ ಹೋಗುತ್ತಿದೆ.

ಜಾಗ ನೋಡುವಾಗ ಮನೆಯ ಪಾಯದಿಂದ ದೂರವಿರಲಿ. ಒಳಚರಂಡಿ ಚೇಂಬರ್, ಶೌಚಾಲಯದ ಪಿಟ್ ಹತ್ತಿರವಂತೂ ಬೇಡವೇ ಬೇಡ.

ತೋಡುವ ಕೆಲಸಕ್ಕೆ ಮಣ್ಣು ವಡ್ಡರನ್ನು ಕರೆಸಿ. ತಲೆಮಾರುಗಳಿಂದ ಬಾವಿ ತೋಡಿದವರು, ಮಣ್ಣಿನ ಬಣ್ಣ ನೋಡಿಯೇ ನೀರು ಎಲ್ಲಿ ಇಂಗುತ್ತದೆ ಅಂತ ಹೇಳಬಲ್ಲರು, ಅವರ ಮಾತು ಕೇಳಿ. 3 ಅಡಿ ಅಗಲ, 20 ಅಡಿ ಆಳ ಸಾಕು. ಒಳಗೆ ಸಿಮೆಂಟ್ ರಿಂಗ್ ಇಳಿಸಿ, ಆದರೆ ರಿಂಗುಗಳ ನಡುವೆ ಸಿಮೆಂಟ್ ಮೆತ್ತಬೇಡಿ, ತಳಕ್ಕೆ ಕಾಂಕ್ರೀಟ್ ಹಾಕಲೇಬೇಡಿ, ಹಾಕಿದರೆ ಅದು ಬಾವಿ ಅಲ್ಲ, ಸಂಪು. ರಿಂಗಿನ ಹೊರಗಿನ ಸಂದಿಗೆ ಜಲ್ಲಿ ತುಂಬಿಸಿ. ಬಾಯಿಗೆ ಗಟ್ಟಿ ಮುಚ್ಚಳ ಹಾಕಿಸಿ, ಮಕ್ಕಳಿರುವ ಮನೆಯಲ್ಲಿ ಇದರಲ್ಲಿ ಒಂದು ರೂಪಾಯಿ ಕೂಡ ಉಳಿಸಬೇಡಿ. ಇಷ್ಟು ಗಾತ್ರದ ಬಾವಿಯಲ್ಲಿ ಸುಮಾರು 4,000 ಲೀಟರ್ ನಿಲ್ಲುತ್ತದೆ, ಅಂದರೆ 40 ಮಿ.ಮೀ. ಜೋರು ಮಳೆಯೂ ಪೂರ್ತಿ ಹಿಡಿಸುತ್ತದೆ.

ತಾರಸಿಯ ಪೈಪಿಗೆ ಮೊದಲ ಮಳೆಯನ್ನು ಹೊರಗೆ ಬಿಡುವ ವಾಲ್ವ್ ಇರಲಿ. ಧೂಳು, ಪಾರಿವಾಳದ ಹಿಕ್ಕೆ ಎಲ್ಲ ಅದರಲ್ಲೇ ಬರುತ್ತದೆ. ಆಮೇಲೆ ಜಲ್ಲಿ, ಮರಳು, ಜಾಲರಿ ಹಾಕಿದ ಒಂದು ಡ್ರಮ್ ಫಿಲ್ಟರ್. ಕೆಲವರು ಖರ್ಚು ಉಳಿಸಲು ತಾರಸಿ ನೀರನ್ನು ನೇರ ಬೋರ್‌ವೆಲ್ಲಿಗೇ ಬಿಡುತ್ತಾರೆ, ದಯವಿಟ್ಟು ಬೇಡ! ಇಂಗುಬಾವಿಯ ನೀರು ಮಣ್ಣಿನಲ್ಲಿ ಸೋಸಿಕೊಂಡು ಇಳಿಯುತ್ತದೆ, ಬೋರ್‌ವೆಲ್ಲಿಗೆ ಬಿಟ್ಟ ಕೊಳೆ ನೇರವಾಗಿ ಬಂಡೆಯ ಬಿರುಕಿಗೆ ಹೋಗುತ್ತದೆ, ಅದನ್ನು ವಾಪಸ್ ತೆಗೆಯಲು ಆಗುವುದಿಲ್ಲ. ರಸ್ತೆಯ ನೀರಿಗೂ ಇದೇ ಮಾತು.

ಇಷ್ಟು ಮಾಡಿ ಅಂಗಳಕ್ಕೆಲ್ಲ ಟೈಲ್ಸ್ ಹಾಕಿಸಿದರೆ ನನಗಂತೂ ಬೇಸರ. ಮನುಷ್ಯರ ಹಾವಳಿಯನ್ನು ಭೂಮಿ ತಡೆದುಕೊಳ್ಳುವ ಒಂಬತ್ತು ಮಿತಿಗಳನ್ನು ವಿಜ್ಞಾನಿಗಳು 2009ರಲ್ಲಿ ಗುರುತಿಸಿದರು. ಅದರಲ್ಲಿ ಆರನ್ನು ದಾಟಿದ್ದೇವೆ ಅಂತ 2023ರಲ್ಲಿ ಲೆಕ್ಕ ಕೊಟ್ಟರು, ಸಿಹಿನೀರು ಆ ಆರರಲ್ಲಿ ಒಂದು. ಹೊಳೆ, ಕೆರೆ, ಅಂತರ್ಜಲ ಮಾತ್ರವಲ್ಲ, ಗಿಡದ ಬೇರಿಗೆ ಸಿಗುವ ಮಣ್ಣಿನ ತೇವವನ್ನೂ ಅವರು ಬೇರೆಯಾಗಿ ಎಣಿಸುತ್ತಾರೆ. ಅದಕ್ಕೇ ಒಂದಿಷ್ಟು ಜಾಗ ಮಣ್ಣಾಗಿಯೇ ಬಿಡಿ, ಉದುರಿದ ಎಲೆಯನ್ನು ಗುಡಿಸಿ ಸುಡದೆ ಅಲ್ಲೇ ಹರಡಿ.

ತುಂಬಿದ ಬಾವಿ ಒಂದೆರಡು ದಿನದಲ್ಲಿ ಇಳಿಯಬೇಕು. ಇಳಿಯದಿದ್ದರೆ ತಳದಲ್ಲಿ ಹೂಳು ಕೂತಿದೆ ಅಂತ ಅರ್ಥ, ಅದನ್ನು ತೆಗೆಯಲು ಕೆಲಸ ಗೊತ್ತಿರುವವರನ್ನೇ ಇಳಿಸಿ. ಫಿಲ್ಟರ್ ಮಾತ್ರ ಪ್ರತಿವರ್ಷ ಏಪ್ರಿಲ್‌ನಲ್ಲಿ, ಮೊದಲ ಗುಡುಗಿಗೂ ಮುಂಚೆ ನೀವೇ ತೊಳೆದಿಡಿ.