ಮನಸ್ಸಿನ ಸಂಕಟವನ್ನು ತಾಳಿಕೊಳ್ಳುವ ಶಕ್ತಿಯನ್ನು ಅಳೆಯುವ ಬಗೆ

ಇಲ್ಲಿ ಅಳೆಯುವುದು ಒಬ್ಬ ವ್ಯಕ್ತಿಗೆ ಎಷ್ಟು ಸಂಕಟವಿದೆ ಎಂಬುದನ್ನಲ್ಲ, ಬಂದ ಸಂಕಟವನ್ನು ತಾನು ಎಷ್ಟು ತಾಳಿಕೊಳ್ಳಬಲ್ಲೆ ಎಂದು ಆತ ನಂಬಿದ್ದಾನೆ ಎಂಬುದನ್ನು. ಇದಕ್ಕಾಗಿ ಮನೋವಿಜ್ಞಾನ ಸಂಶೋಧಕರಾದ ಸೈಮನ್ಸ್ ಮತ್ತು ಗಾಹರ್ 2005ರಲ್ಲಿ ಪ್ರಕಟಿಸಿದ ಡಿಸ್ಟ್ರೆಸ್ ಟಾಲರೆನ್ಸ್ ಸ್ಕೇಲ್ ಎಂಬ ಪ್ರಶ್ನಾವಳಿ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. ಅದರಲ್ಲಿ 15 ಹೇಳಿಕೆಗಳಿವೆ. ಮನಸ್ಸು ಕದಡಿದ ಸಂದರ್ಭಗಳನ್ನು ನೆನೆದು, ಪ್ರತಿ ಹೇಳಿಕೆಗೂ 1ರಿಂದ 5ರೊಳಗೆ ಒಂದು ಅಂಕವನ್ನು ಗುರುತಿಸುವಂತೆ ಕೇಳಬೇಕು. 1 ಎಂದರೆ ಪೂರ್ಣ ಒಪ್ಪಿಗೆ, 5 ಎಂದರೆ ಸ್ವಲ್ಪವೂ ಒಪ್ಪಿಗೆಯಿಲ್ಲ.

ಹೆಚ್ಚಿನವರು ಎಡವುವುದು ಅಂಕ ಕೂಡಿಸುವಾಗ. ಹೇಳಿಕೆಗಳಲ್ಲಿ ಬಹುಪಾಲು ‘ತಡೆದುಕೊಳ್ಳಲಾರೆ’ ಎಂಬ ಧಾಟಿಯವಾದ್ದರಿಂದ ಹೆಚ್ಚು ಅಂಕವೆಂದರೆ ಹೆಚ್ಚು ತಾಳಿಕೆ. ಆರನೆಯದು ಮಾತ್ರ ‘ಇತರರಷ್ಟೇ ನಾನೂ ತಾಳಿಕೊಳ್ಳಬಲ್ಲೆ’ ಎಂಬರ್ಥದ್ದು. ಅದನ್ನು ತಿರುಗಿಸಿ, 1 ಬಂದಲ್ಲಿ 5, 2 ಬಂದಲ್ಲಿ 4 ಎಂದು ಎಣಿಸಬೇಕು. ಬಳಿಕ ನಾಲ್ಕು ಉಪವಿಭಾಗಗಳ ಸರಾಸರಿಯನ್ನು ಬೇರೆಬೇರೆಯಾಗಿ ತೆಗೆಯಬೇಕು: ತಾಳಿಕೆ (1, 3, 5ನೆಯ ಹೇಳಿಕೆಗಳು), ಸಂಕಟದಲ್ಲೇ ಮುಳುಗಿಹೋಗುವಿಕೆ (2, 4, 15), ಸಂಕಟದ ಬಗೆಗಿನ ಅಭಿಪ್ರಾಯ (6, 7, 9, 10, 11, 12), ಅದರಿಂದ ತಪ್ಪಿಸಿಕೊಳ್ಳುವ ತವಕ (8, 13, 14). ಒಟ್ಟು ಅಂಕವೆಂದರೆ ಈ ನಾಲ್ಕು ಸರಾಸರಿಗಳ ಸರಾಸರಿ. ಅವು ಕ್ರಮವಾಗಿ 3, 2, 4, 3 ಆಗಿದ್ದರೆ ಒಟ್ಟು ಅಂಕ 3. ಹದಿನೈದನ್ನೂ ಒಟ್ಟಿಗೆ ಕೂಡಿ ಭಾಗಿಸಿದರೆ 3.2 ಬರುತ್ತದೆ, ಏಕೆಂದರೆ ಆರು ಹೇಳಿಕೆಗಳ ಮೂರನೆಯ ವಿಭಾಗ ಉಳಿದವನ್ನು ತನ್ನತ್ತ ಎಳೆದುಕೊಳ್ಳುತ್ತದೆ.

ಕನ್ನಡದಲ್ಲಿ ಕೇಳುವವರು ಪದಗಳ ಬಗ್ಗೆ ಎಚ್ಚರದಿಂದಿರಬೇಕು. ‘ಸಂಕಟ’ ಎಂದೊಡನೆ ಹೊಟ್ಟೆಯ ಸಂಕಟವನ್ನು ನೆನೆಯುವವರಿದ್ದಾರೆ. ‘ಮನಸ್ಸಿನ’ ಎಂಬ ವಿಶೇಷಣವನ್ನು ಬಿಡಬಾರದು. ‘ತಡೆದುಕೊಳ್ಳಲಾರೆ’ ಎಂಬುದನ್ನು ‘ಒಪ್ಪುವುದಿಲ್ಲ’ ಎನ್ನುವಾಗ ಎರಡು ನಿಷೇಧಗಳು ಸೇರಿ ಓದುಗ ತಡವರಿಸುತ್ತಾನೆ. ಆದ್ದರಿಂದ ಒಬ್ಬರು ಅನುವಾದಿಸಿದ್ದನ್ನು ಮೂಲ ನೋಡದ ಇನ್ನೊಬ್ಬರಿಂದ ಇಂಗ್ಲಿಷಿಗೆ ಮರಳಿ ಅನುವಾದ ಮಾಡಿಸಿ, ಹೋಲಿಸಿ, ಕೆಲವರಿಗೆ ಓದಿ ಹೇಳಿ ನೋಡಿದ ಮೇಲೆಯೇ ಬಳಸುವುದು ಲೇಸು.

ಮಾತಿನ ಬದಲು ನಡತೆಯನ್ನೇ ಅಳೆಯಬೇಕೆಂದರೆ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆಯನ್ನು ತಿದ್ದುವ ಪರೀಕ್ಷೆಯಿದೆ. ಈ ಪರೀಕ್ಷೆಯ ಕಂಪ್ಯೂಟರ್ ರೂಪದಲ್ಲಿ ಮೌಸ್ ಸರಿಸಿದ ದಿಕ್ಕಿಗೆ ವಿರುದ್ಧವಾಗಿ ಚುಕ್ಕೆ ಸಾಗುತ್ತದೆ, ತಪ್ಪಿದಾಗ ಕರ್ಕಶ ಸದ್ದಾಗುತ್ತದೆ. ಸಾಕೆನಿಸಿ ಕೈಬಿಡುವವರೆಗಿನ ಸಮಯವೇ ಅಳತೆ. ಯಾವಾಗ ಬೇಕಾದರೂ ನಿಲ್ಲಿಸಬಹುದೆಂದು ಮೊದಲೇ ತಿಳಿಸಬೇಕು, ಕೈಚಳಕದ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬೇಕು. ಈ ಸಮಯಕ್ಕೂ ಪ್ರಶ್ನಾವಳಿಯ ಅಂಕಕ್ಕೂ ಸಾಮಾನ್ಯವಾಗಿ ಹೊಂದಾಣಿಕೆ ಕಡಿಮೆ. ಆದ್ದರಿಂದ ಎರಡನ್ನೂ ಬೆರೆಸಿ ಒಂದೇ ಅಂಕ ಮಾಡದೆ, ಬೇರೆಬೇರೆಯಾಗಿಯೇ ದಾಖಲಿಸಬೇಕು.